ಹುಸಿಮೀನಿನ ಗಾಳ, ಹಿಟ್ಟಿನ ಕೋಳಿ

ಪರದೇಶದಲ್ಲಿ ನೆಲೆಸಿರುವ ಶ್ರಾವಕಬಂಧುವೊಬ್ಬರು ನಮ್ಮ ಕಡೆಯ ಬಸದಿಯೊಂದರ ಜೀರ್ಣೋದ್ಧಾರಕ್ಕಾಗಿ ದೊಡ್ಡ ಮೊತ್ತವನ್ನು ಕೊಡಲು ಮುಂದೆ ಬಂದಿದ್ದಾರೆ. ಅವರದು ಅಮೆರಿಕದ ನ್ಯೂಜೆರ್ಸಿ ಕರಾವಳಿಯಲ್ಲಿ ಗಾಳದ ಸಾಮಗ್ರಿಗಳ ಅಂಗಡಿ. ಟ್ರಸ್ಟಿನ ಸದಸ್ಯರೊಬ್ಬರು ಹಣದ ಮೂಲವನ್ನು ವಿಚಾರಿಸಲಾಗಿ, ದಾನಿಗಳು ಕೋಪಗೊಳ್ಳದೆ ವಿನಯದಿಂದಲೇ ಮೂರು ಸಮಾಧಾನಗಳನ್ನು ಬರೆದು ಕಳುಹಿಸಿದರು. ತಮ್ಮ ಅಂಗಡಿಯಲ್ಲಿ ಹುಳು, ಸಿಗಡಿ, ಮೀನಿನ ತುಂಡು ಮೊದಲಾದ ಎರೆಯನ್ನು ಮಾರುವುದಿಲ್ಲ, ಮರ, ಲೋಹ, ಪ್ಲಾಸ್ಟಿಕ್ಕುಗಳಿಂದ ಮಾಡಿದ ಕೃತಕ ಮೀನುಗಳನ್ನು ಮಾತ್ರ ಮಾರಲಾಗುತ್ತದೆ ಎಂಬುದು ಮೊದಲನೆಯದು. ಗಿರಾಕಿಗಳಲ್ಲಿ ಬಹುಮಂದಿ ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುತ್ತಾರೆ ಎಂಬುದು ಎರಡನೆಯದು. ವರ್ಷದಲ್ಲಿ ಎಷ್ಟೋ ವಾರಗಳ ಕಾಲ ಮೀನು ಸಿಗುವುದೇ ಇಲ್ಲ, ಆಗ ಆ ಜನರು ಕಡಲ ತಡಿಯಲ್ಲಿ ನಿಂತು ಮಾಡುವುದು ಒಂದು ಬಗೆಯ ಧ್ಯಾನವೇ ಹೊರತು ಬೇಟೆಯಲ್ಲ ಎಂಬುದು ಮೂರನೆಯದು. ಈ ಪತ್ರವನ್ನು ಸಭೆಯಲ್ಲಿ ಓದಿದಾಗ ಅರ್ಧದಷ್ಟು ಮಂದಿ ತಲೆದೂಗಿದರಂತೆ. ತಲೆದೂಗಿದವರಲ್ಲಿ ವ್ರತಧಾರಿಗಳೂ ಇದ್ದರೆಂದು ಕೇಳಿದ ಮೇಲೆ ಸುಮ್ಮನಿರುವುದು ನನಗೆ ಸರಿತೋರಲಿಲ್ಲ.

ಈ ಮೂರು ಸಮಾಧಾನಗಳೂ ಹುರುಳಿಲ್ಲದವು ಎಂಬುದು ನನ್ನ ವಾದ. ಮೂರನೆಯದು ಮೂರರಲ್ಲಿ ಅತ್ಯಂತ ನಿರಪಾಯವಾಗಿ ಕಾಣುತ್ತದೆ. ವಾಸ್ತವವಾಗಿ ಅದೇ ಅತ್ಯಂತ ಅಪಾಯಕಾರಿಯಾದದ್ದು.

ಮೊದಲು ಆ ವಿನೋದದ ಸ್ವರೂಪವನ್ನು ಅರಿಯೋಣ. ಸರಕನ್ನು ನೋಡದೆ ಬೆಲೆ ಕಟ್ಟುವುದು ವ್ಯಾಪಾರಿಯ ಲಕ್ಷಣವಲ್ಲ, ಪೂರ್ವಪಕ್ಷವನ್ನು ಕೇಳದೆ ಖಂಡಿಸುವುದು ವಿದ್ಯಾರ್ಥಿಯ ಲಕ್ಷಣವೂ ಅಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಿಂದ ಹಿಡಿದು ನ್ಯೂಯಾರ್ಕಿನ ಮಾಂಟಾಕ್, ನ್ಯೂಜೆರ್ಸಿಯ ಮರಳುದಂಡೆಗಳು, ಉತ್ತರ ಕೆರೊಲಿನಾದ ಕೇಪ್ ಹ್ಯಾಟರಸ್‌ವರೆಗೆ, ಅಲೆಯಂಚಿನಲ್ಲಿ ನಿಂತು ಉದ್ದನೆಯ ಕೋಲಿನಿಂದ ಗಾಳವನ್ನು ದೂರಕ್ಕೆ ಬೀಸಿ ಮೀನು ಹಿಡಿಯುವುದು ಲಕ್ಷಾಂತರ ಜನರ ಹವ್ಯಾಸ. ಅವರು ಹೆಚ್ಚಾಗಿ ಬಯಸುವುದು ಮೈಮೇಲೆ ಏಳೆಂಟು ಕಪ್ಪು ಗೆರೆಗಳುಳ್ಳ ‘ಸ್ಟ್ರೈಪ್ಡ್ ಬಾಸ್’ ಎಂಬ ಮೀನನ್ನು. ಈ ಮೀನು ವಸಂತದಲ್ಲಿ ಚೆಸಪೀಕ್ ಕೊಲ್ಲಿ, ಹಡ್ಸನ್ ನದಿ ಮುಂತಾದ ಕಡೆಗಳಲ್ಲಿ ಮೊಟ್ಟೆಯಿಟ್ಟು, ಬೇಸಗೆಗೆ ಉತ್ತರದ ತಣ್ಣೀರಿಗೆ ಹೋಗಿ, ಶರತ್ಕಾಲದಲ್ಲಿ ಮರಳಿ ದಕ್ಷಿಣಕ್ಕೆ ಇಳಿಯುತ್ತದೆ. ಇಳಿಯುವಾಗ ಸಣ್ಣ ಮೀನುಗಳ ಹಿಂಡನ್ನು ದಡದವರೆಗೂ ಅಟ್ಟಿಕೊಂಡು ಬರುವುದರಿಂದ ಆ ದಿನಗಳು ಗಾಳದವರಿಗೆ ಸುಗ್ಗಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದಂಡೆಯ ನೀರು ಕಾದು ಮೀನು ಆಳಕ್ಕೆ ಸರಿಯುತ್ತದೆ. ಆಗ ಅವರಿಗೆ ಬರಗಾಲ. ವಹಿವಾಟು ಕುಸಿದಾಗ ನಾವು ಪೇಟೆಯಲ್ಲಿ ಹೇಳುವ ‘ಸ್ಲಂಪ್’ ಎಂಬ ಮಾತನ್ನೇ ಅವರೂ ಹೇಳುತ್ತಾರೆ.

ಇವರಲ್ಲಿ ಎರಡು ಪಂಥಗಳಿವೆ. ನಮ್ಮ ತೇರಾಪಂಥ, ಬೀಸಪಂಥಗಳ ವಾಗ್ವಾದವನ್ನು ನೆನಪಿಸುವಷ್ಟು ಬಿಸಿಯಾಗಿ ಅವರ ನಡುವೆ ವಾದ ನಡೆಯುತ್ತದೆ. ಎರೆಯವರು ಮೇಯ್ನ್ ಪ್ರಾಂತದ ಕೆಸರಿನಿಂದ ಅಗೆದು ತೆಗೆದ ಹುಳುಗಳನ್ನು, ಕಡಲ ಚಿಪ್ಪಿನ ಮಾಂಸವನ್ನು, ಮೆನ್ಹೇಡನ್ ಎಂಬ ಮೀನಿನ ತುಂಡುಗಳನ್ನು, ಕೆಲವೊಮ್ಮೆ ಜೀವಂತ ಹಾವುಮೀನನ್ನೇ ಗಾಳಕ್ಕೆ ಚುಚ್ಚಿ ಕಾಯುತ್ತಾರೆ. ಹುಸಿಮೀನಿನವರು ಬಣ್ಣ ಬಳಿದ ಮರದ ಮೀನು, ಹೊಳೆಯುವ ಲೋಹದ ತಗಡು, ರಬ್ಬರಿನಂತೆ ಬಳುಕುವ ಪ್ಲಾಸ್ಟಿಕ್ ಮೀನುಗಳನ್ನು ಎಸೆದು, ಅವು ನೀರಿನಲ್ಲಿ ಗಾಯಗೊಂಡ ಮರಿಯಂತೆ ಒದ್ದಾಡುವ ಹಾಗೆ ದಾರವನ್ನು ಎಳೆಯುತ್ತಾರೆ. ತಮ್ಮದು ಕೌಶಲ, ಎರೆಯವರದು ಸೋಮಾರಿತನ ಎಂಬುದು ಇವರ ಹೆಮ್ಮೆ. ಬರಗಾಲ ಬಂದಾಗ ಮಾತ್ರ ಈ ಹೆಮ್ಮೆ ಅಲುಗಾಡುತ್ತದೆ. ಹದಿನೈದು ದಿನ ಬರಿಗೈಯಲ್ಲಿ ಮನೆಗೆ ಹೋದವನು ಪಕ್ಕದವನ ಹುಳುವಿನ ಡಬ್ಬಿಯನ್ನು ನೋಡುತ್ತಾನೆ. ಮತ್ತೆ ಎರೆಗೆ ಇಳಿಯುವುದೋ, ಹುಸಿಮೀನಿನಲ್ಲಿಯೇ ನಿಷ್ಠೆಯಿಡುವುದೋ ಎಂಬುದು ಅವನ ಧರ್ಮಸಂಕಟ. ಅದು ಧರ್ಮಸಂಕಟವೆಂಬ ಹೆಸರಿಗೆ ಯೋಗ್ಯವೇ ಎಂಬುದನ್ನು ಮುಂದೆ ನೋಡೋಣ.

ಹುಸಿಮೀನಿನ ಪರವಾಗಿ ಹೇಳಬಹುದಾದುದನ್ನು ನಾನು ಮುಚ್ಚಿಡುವುದಿಲ್ಲ. ಹುಳುವೂ ಚಿಪ್ಪಿನ ಜೀವಿಯೂ ನಮ್ಮ ಆಗಮದ ಲೆಕ್ಕದಲ್ಲಿ ದ್ವೀಂದ್ರಿಯಗಳು; ಮೆನ್ಹೇಡನ್ನೂ ಹಾವುಮೀನೂ ಪಂಚೇಂದ್ರಿಯಗಳು. ಹುಸಿಮೀನನ್ನು ಬಳಸುವವನು ಈ ಜೀವಗಳನ್ನು ಕೊಲ್ಲುವುದಿಲ್ಲ. ಎರೆಯನ್ನು ಮೀನು ನುಂಗಿಬಿಡುವುದರಿಂದ ಗಾಳ ಗಂಟಲಿಗೋ ಕರುಳಿಗೋ ಇಳಿದು ಸಾವು ಹೆಚ್ಚುತ್ತದೆ. ಹುಸಿಮೀನು ಬಹುಮಟ್ಟಿಗೆ ತುಟಿ, ದವಡೆಗಳಲ್ಲಿಯೇ ನಿಲ್ಲುತ್ತದೆ. ಈ ಕಾರಣದಿಂದಲೇ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳ ಮೀನುಗಾರಿಕಾ ಆಯೋಗವು 2021ರಿಂದ, ಎರೆ ಹಾಕಿ ಈ ಮೀನನ್ನು ಹಿಡಿಯುವವರು ಮೊನೆ ಒಳಕ್ಕೆ ಬಾಗಿದ ದುಂಡುಗಾಳವನ್ನೇ ಬಳಸಬೇಕೆಂದು ಕಡ್ಡಾಯ ಮಾಡಿತು. ಹಿಂಸೆಯಲ್ಲಿ ತರತಮವಿದೆ ಎಂಬುದನ್ನು ಜೈನಧರ್ಮಕ್ಕಿಂತ ಸೂಕ್ಷ್ಮವಾಗಿ ಹೇಳಿದವರು ಯಾರೂ ಇಲ್ಲ. ಆದರೆ ಕಡಿಮೆ ಹಿಂಸೆ ಎನ್ನುವುದಕ್ಕೂ ಅಹಿಂಸೆ ಎನ್ನುವುದಕ್ಕೂ ಇರುವ ಅಂತರವನ್ನು ಕಾಣದವನು ನಷ್ಟ ಕಡಿಮೆಯಾದುದನ್ನೇ ಲಾಭವೆಂದು ಬರೆದುಕೊಳ್ಳುವ ಗುಮಾಸ್ತನಂತೆ. ಹುಳು ಉಳಿಯಿತು, ಸರಿ. ಗಾಳದ ಇನ್ನೊಂದು ತುದಿಯಲ್ಲಿರುವ ಪಂಚೇಂದ್ರಿಯ ಜಲಚರಕ್ಕೆ ಏನಾಯಿತು?

ಇನ್ನೊಂದು ಸಣ್ಣ ಮಾತು. ಹುಸಿಮೀನಿನವರು ಬಹಳವಾಗಿ ಮೆಚ್ಚುವ ‘ಬಕ್‌ಟೇಲ್’ ಎಂಬ ಸರಕು ಸೀಸದ ತಲೆಗೆ ಜಿಂಕೆಯ ಬಾಲದ ಕೂದಲನ್ನು ಕಟ್ಟಿ ಮಾಡಿದ್ದು. ಹೆಸರೇ ಅದನ್ನು ಹೇಳುತ್ತದೆ. ಇನ್ನು ಕೆಲವಕ್ಕೆ ಕೋಳಿಯ ಗರಿ. ನಮ್ಮ ದಾನಿಗಳ ಅಂಗಡಿಯಲ್ಲಿ ಅವೂ ಇದ್ದರೆ ‘ಮರ, ಲೋಹ, ಪ್ಲಾಸ್ಟಿಕ್ಕು ಮಾತ್ರ’ ಎಂಬ ಮಾತನ್ನು ಅವರು ತಿದ್ದಬೇಕಾಗುತ್ತದೆ.

ಕೃತಕವಾದುದರಿಂದ ದೋಷವಿಲ್ಲ ಎಂಬ ವಾದವು ಕನ್ನಡ ಜೈನರಿಗೆ ಹೊಸದಾಗಿ ಕಾಣಬಾರದಿತ್ತು. ಜನ್ನನು 1209ರಲ್ಲಿ ಯಶೋಧರ ಚರಿತೆಯನ್ನು ಬರೆದದ್ದು ಈ ವಾದದ ಉತ್ತರವಾಗಿಯೇ ಎನ್ನಬಹುದು. ತಾಯಿ ಚಂದ್ರಮತಿ ಮಾರಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ, ಮಗ ಒಲ್ಲೆನೆನ್ನುತ್ತಾನೆ, ಕಡೆಗೆ ಇಬ್ಬರೂ ಹಿಟ್ಟಿನ ಕೋಳಿಯಲ್ಲಿ ರಾಜಿಯಾಗುತ್ತಾರೆ. ರಕ್ತವಿಲ್ಲ, ಪ್ರಾಣವಿಲ್ಲ, ಹಿಟ್ಟಿನ ಮುದ್ದೆ ಮಾತ್ರ. ಆದರೂ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚಗತಿಯಲ್ಲಿ ತೊಳಲುತ್ತಾರೆ. ಆ ಭವಗಳಲ್ಲಿ ಒಂದರಲ್ಲಿ ಯಶೋಧರನು ಮೀನಾಗಿಯೇ ಹುಟ್ಟುತ್ತಾನೆ ಎಂಬುದನ್ನು ವಾಚಕರು ಗಮನಿಸಬೇಕು. ಹೋಲಿಕೆ ಪೂರ್ತಿಯಾಗಿ ಸರಿಹೊಂದುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಅಲ್ಲಿ ಕೃತಕವಾದದ್ದು ಬಲಿ. ಇಲ್ಲಿ ಕೃತಕವಾದದ್ದು ಬಲಿಯನ್ನು ಕರೆಯುವ ಆಮಿಷ. ಆದರೆ ಈ ವ್ಯತ್ಯಾಸವು ದಾನಿಗಳ ವಾದವನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ಯಾವ ಜೀವಕ್ಕೂ ಗಾಯವಾಗದ ಕಡೆಯಲ್ಲಿ ಕೇವಲ ಸಂಕಲ್ಪದಿಂದಲೇ ಅಷ್ಟು ಬಂಧವಾದರೆ, ಹುಸಿಯಾದ ತಿನಿಸನ್ನು ತೋರಿಸಿ ನಿಜವಾದ ಬಾಯಿಗೆ ನಿಜವಾದ ಉಕ್ಕನ್ನು ಚುಚ್ಚುವ ಕಡೆಯಲ್ಲಿ ಎಷ್ಟಾಗಬೇಡ?

ಇಲ್ಲಿ ಸಂಕಲ್ಪದ ಜೊತೆಗೆ ಮಾಯೆಯೂ ಸೇರುತ್ತದೆ. ಎರೆಯವನು ಕೊಡುವ ತಿನಿಸು ಕಡೆಯ ಪಕ್ಷ ತಿನಿಸು ಹೌದು. ಹುಸಿಮೀನಿನವನದು ಶುದ್ಧ ವಂಚನೆ. ಅವನ ಕೌಶಲದ ಪರಾಕಾಷ್ಠೆಯೆಂದರೆ ವಂಚನೆಯ ಪರಾಕಾಷ್ಠೆ. ಮಾಯಾಕಷಾಯವು ತಿರ್ಯಂಚಾಯುವಿನ ಬಂಧಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನು ನಾವು ಪಂಕ್ತಿಯಲ್ಲಿ ಓರೆಗಣ್ಣಿನಿಂದ ನೋಡುತ್ತೇವೆ. ಮಾತುಬಾರದ ಜೀವದೊಡನೆ ಮಾಡುವ ಮೋಸಕ್ಕೆ ಬೇರೆ ತಕ್ಕಡಿಯೇಕೆ?

ಈಗ ಎರಡನೆಯ ಸಮಾಧಾನ. ಹಿಡಿದರೂ ಬಿಟ್ಟುಬಿಡುತ್ತಾರೆ ಎಂಬುದಕ್ಕೆ ನಮ್ಮ ಕೆಲವು ತರುಣರು ಮೃಗಸೇನ ಧೀವರನ ಕಥೆಯನ್ನೇ ಆಧಾರವಾಗಿ ತರುತ್ತಾರಂತೆ. ಸೋಮದೇವಸೂರಿಯ ಯಶಸ್ತಿಲಕದಲ್ಲಿಯೂ ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ ಬರುವ ಕಥೆ ಇದು. ಅವಂತಿದೇಶದ ಬೆಸ್ತನೊಬ್ಬ ಮುನಿಗಳಲ್ಲಿ, ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ವ್ರತ ತೊಡುತ್ತಾನೆ. ಬಿದ್ದ ಮೀನಿಗೆ ಗುರುತು ಕಟ್ಟಿ ಬಿಡುತ್ತಾನೆ. ಅದೇ ಮೀನು ಮತ್ತೆ ಮತ್ತೆ ಐದು ಬಾರಿ ಬಲೆಗೆ ಬೀಳುತ್ತದೆ, ಐದು ಬಾರಿಯೂ ಬಿಡುತ್ತಾನೆ. ಬರಿಗೈಯಲ್ಲಿ ಬಂದವನಿಗೆ ಹೆಂಡತಿ ಬಾಗಿಲು ತೆರೆಯುವುದಿಲ್ಲ. ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಸಾಯುತ್ತಾನೆ. ಮುಂದಿನ ಭವದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಬಾರಿ ಮೃತ್ಯುವಿನಿಂದ ಪಾರಾಗುತ್ತಾನೆ. ನಿಜ, ಇದು ಹಿಡಿದು ಬಿಟ್ಟವನ ಕಥೆಯೇ. ಆದರೆ ಮೃಗಸೇನನು ಬಿಟ್ಟದ್ದು ತನ್ನ ಊಟವನ್ನು. ಬಿಟ್ಟದ್ದರ ಬೆಲೆಯನ್ನು ಅವನು ಹಸಿವಿನಿಂದಲೂ ಮನೆಯ ಬಾಗಿಲಿನಿಂದಲೂ ತೆತ್ತನು. ಮೀನಿಗೆ ಕಟ್ಟಿದ ಗುರುತು ಅದನ್ನು ಮತ್ತೆ ಕೊಲ್ಲದಿರಲೆಂದು. ನಮ್ಮ ಹವ್ಯಾಸಿಯು ಬಿಡುವುದು ನಾಳೆ ಮತ್ತೆ ಹಿಡಿಯಲೆಂದು. ಸರಕನ್ನು ಮಾರಿ ಬಂದ ಹಣವನ್ನು ಮತ್ತೆ ಸರಕಿಗೆ ಹೂಡುವಂತೆ. ಅವನು ತೆತ್ತ ಬೆಲೆಯಾದರೂ ಏನು? ಮನೆಯಲ್ಲಿ ಬಿಸಿಯೂಟ ಕಾದಿರುತ್ತದೆ. ಬೆಸ್ತನ ವ್ರತವು ಹಿಂಸೆಯಿಂದ ಹೊರಬರುವ ಮೊದಲ ಮೆಟ್ಟಿಲು; ಇವನ ಬಿಡುಗಡೆಯು ಹಿಂಸೆಯನ್ನು ಎಂದೆಂದಿಗೂ ಮುಗಿಯದಂತೆ ನಡೆಸಿಕೊಂಡು ಹೋಗುವ ಉಪಾಯ.

ಶಾಸ್ತ್ರ ಬೇಡವೆನ್ನುವವರಿಗೆ ಲೆಕ್ಕವಿದೆ. ಬಿ.ಕಾಂ. ಓದಿ ನಲವತ್ತು ವರ್ಷ ಗಲ್ಲದ ಮೇಲೆ ಕುಳಿತವನಿಗೆ ಲೆಕ್ಕದಲ್ಲಿ ನಂಬಿಕೆ ಹೆಚ್ಚು. ಮ್ಯಾಸಚೂಸೆಟ್ಸಿನ ಉಪ್ಪುನೀರಿನಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗಾಳದಿಂದ ಹಿಡಿದು ಬಿಟ್ಟ ಈ ಪಟ್ಟೆಮೀನುಗಳಲ್ಲಿ ಸರಾಸರಿ ನೂರಕ್ಕೆ 9 ಸಾಯುತ್ತವೆ. ಮೇಲೆ ಹೇಳಿದ ಆಯೋಗವೂ ಇದೇ ಅಂಕಿಯನ್ನು ಬಳಸುತ್ತದೆ. ಹವ್ಯಾಸಿಗಳು ಹಿಡಿದ ಮೀನುಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಬಿಟ್ಟೇ ಬಿಡುತ್ತಾರೆ. ನಮ್ಮ ದಾನಿಗಳ ಮಾತು ಅಲ್ಲಿಗೆ ಸುಳ್ಳಲ್ಲ. ಈಗ ಈ ಎರಡು ಅಂಕಿಗಳನ್ನು ಗುಣಿಸಿ ನೋಡಿ. 2017ರಲ್ಲಿ ಮನುಷ್ಯನ ಕೈಯಿಂದ ಸತ್ತ ಒಟ್ಟು ಪಟ್ಟೆಮೀನುಗಳಲ್ಲಿ ವೃತ್ತಿಯ ಬೆಸ್ತರು ಹಿಡಿದು ಮಾರಿದ್ದು ನೂರಕ್ಕೆ 8 ಪಾಲು. ಹವ್ಯಾಸಿಗಳು ಹಿಡಿದು ಮನೆಗೆ ಒಯ್ದದ್ದು 42 ಪಾಲು. ಹವ್ಯಾಸಿಗಳು ‘ಬಿಟ್ಟ’ ಮೇಲೆ ಸತ್ತದ್ದು 48 ಪಾಲು. ಬಿಟ್ಟವರ ಕೈಯಲ್ಲಿ ಸತ್ತದ್ದು ಮನೆಗೆ ಒಯ್ದ ಹವ್ಯಾಸಿಗಳ ಕೈಯಲ್ಲಿ ಸತ್ತದ್ದಕ್ಕಿಂತ ಹೆಚ್ಚು! 2023ರಲ್ಲಿ ತಂದ ನಿಯಮದಂತೆ ಕಡಲತೀರದಲ್ಲಿ ಒಬ್ಬನು ದಿನಕ್ಕೆ 28ರಿಂದ 31 ಇಂಚಿನ ಒಂದೇ ಮೀನನ್ನು ಇಟ್ಟುಕೊಳ್ಳಬಹುದು, ಬಿಡುವುದಕ್ಕಾದರೋ ಮಿತಿಯೆಂಬುದಿಲ್ಲ. ಒಂದನ್ನು ಹಿಡಿದು ಮನೆಗೆ ಹೋದವನು ಒಂದು ಜೀವಕ್ಕೆ ಹೊಣೆ. ಮೂವತ್ತನ್ನು ಹಿಡಿದು ಬಿಟ್ಟವನು ಸರಾಸರಿಯಲ್ಲಿ ಹತ್ತಿರ ಹತ್ತಿರ ಮೂರಕ್ಕೆ ಹೊಣೆ, ಮೇಲಾಗಿ ತಾನು ಒಂದಕ್ಕೂ ಹೊಣೆಯಲ್ಲವೆಂಬ ಸಮಾಧಾನದಲ್ಲಿ ನಿದ್ದೆ ಮಾಡುತ್ತಾನೆ. ಹಾಗಾದರೆ ಕೊಂದು ತಿನ್ನುವುದೇ ಮೇಲು ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ಕುತರ್ಕ ಮಾಡಬಾರದು. ಬಿಡುಗಡೆಯ ಖಾತೆಯಲ್ಲಿ ಶೂನ್ಯವೆಂದು ಬರೆದಿರುವುದು ತಪ್ಪು ಲೆಕ್ಕ ಎನ್ನುವುದಷ್ಟೇ ನನ್ನ ಮಾತು.

ಉಳಿದ ತೊಂಬತ್ತೊಂದು ಬದುಕುತ್ತವಲ್ಲ ಎನ್ನಬಹುದು. ಬದುಕುವುದು ಬೇರೆ, ನೋಯದಿರುವುದು ಬೇರೆ. ಅಹಿಂಸಾಣುವ್ರತದ ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು, ಕೊಲ್ಲುವುದಲ್ಲ. ಅಂದರೆ ಪ್ರಾಣ ಹೋಗದ ಪೀಡೆಗಳ ಪಟ್ಟಿ ಇದು. ದಾರದ ತುದಿಯಲ್ಲಿ ಕಟ್ಟಿ ಎಳೆಯುವುದು ಬಂಧ. ತುಟಿಯನ್ನು ಸೀಳುವುದು ಛೇದ. ಮೀನಿಗೆ ನೋವೇ ಇಲ್ಲವೆಂದು ಕೆಲವು ವಿದ್ವಾಂಸರು ವಾದಿಸಿದ್ದುಂಟು. ಆದರೆ 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರತಂತುಗಳನ್ನು ಗುರುತಿಸಿದರು. ತುಟಿಗೆ ಜೇನುನೊಣದ ವಿಷವನ್ನೋ ಆಮ್ಲವನ್ನೋ ಚುಚ್ಚಿದ ಮೀನುಗಳು ಮೈತೂಗುತ್ತಿದ್ದವು, ಆಮ್ಲ ಚುಚ್ಚಿದವು ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು, ತಿನ್ನಲು ಬಹಳ ತಡಮಾಡುತ್ತಿದ್ದವು. ತುಟಿಯೆಂದರೆ ಗಾಳ ಕಚ್ಚುವ ಜಾಗವೇ ಎಂಬುದನ್ನು ನೆನಪಿಡಬೇಕು. (ಇಂಥ ಪ್ರಯೋಗವನ್ನು ಮೆಚ್ಚಿ ಇದನ್ನು ಹೇಳುತ್ತಿಲ್ಲ. ಜೀವಕ್ಕೆ ನೋವಿದೆಯೆಂದು ತಿಳಿಯಲು ನಮಗೆ ಆ ತೊಟ್ಟಿ ಬೇಕಾಗಿರಲಿಲ್ಲ.) ಸ್ವಿಟ್ಜರ್‌ಲೆಂಡಿನವರು 2008ರ ಪ್ರಾಣಿರಕ್ಷಣಾ ನಿಯಮಾವಳಿಯಲ್ಲಿ, ಮರಳಿ ಬಿಡಬೇಕೆಂಬ ಉದ್ದೇಶದಿಂದ ಮೀನು ಹಿಡಿಯುವುದನ್ನೇ ನಿಷೇಧಿಸಿದರು. ತಿನ್ನುವ ಅಗತ್ಯವೂ ಇಲ್ಲದೆ ಕೇವಲ ಆಟಕ್ಕಾಗಿ ಜೀವವನ್ನು ಪೀಡಿಸಲು ಕಾರಣವಿಲ್ಲವೆಂಬುದು ಅದರ ತಾತ್ಪರ್ಯ. ಮಾಂಸಾಹಾರಿಗಳ ದೇಶವೊಂದಕ್ಕೆ ಹೊಳೆದ ಮಾತು ನಮ್ಮ ಟ್ರಸ್ಟಿನ ಸಭೆಗೆ ಹೊಳೆಯಲಿಲ್ಲ.

ಇನ್ನು ಬರಗಾಲದ ಮಾತಿಗೆ ಬರೋಣ. ನಾನು ಮೂರನೆಯ ಸಮಾಧಾನವೇ ಅಪಾಯಕಾರಿ ಎಂದದ್ದು ಇದಕ್ಕಾಗಿ. ಮೀನು ಸಿಗದ ವಾರಗಳಲ್ಲಿ ಹಿಂಸೆಯೇ ಇಲ್ಲ, ಅದು ಧ್ಯಾನ ಎನ್ನುತ್ತಾರೆ. ಧ್ಯಾನ ಹೌದು. ಆದರೆ ನಮ್ಮಲ್ಲಿ ಧ್ಯಾನಗಳು ನಾಲ್ಕು. ಅವುಗಳಲ್ಲಿ ಆರ್ತ, ರೌದ್ರಗಳೂ ಎರಡು. ಸಿಗದದ್ದಕ್ಕಾಗಿ ಕೊರಗುವುದು ಆರ್ತ, ಹಿಂಸೆಯನ್ನು ನೆನೆನೆನೆದು ಆನಂದಿಸುವುದು ರೌದ್ರ. ಬರಗಾಲದಲ್ಲಿ ದಂಡೆಯ ಮೇಲೆ ನಿಂತವನ ಮನಸ್ಸಿನಲ್ಲಿ ಏನಿರುತ್ತದೆ? ಇಳಿತದ ಹೊತ್ತು ಯಾವುದು, ಮರಳದಿಬ್ಬದ ಹಿಂದಿನ ಕೊರಕಲು ಎಲ್ಲಿದೆ, ರಾತ್ರಿಯ ಕತ್ತಲಲ್ಲಿ ಕಪ್ಪು ಬಣ್ಣದ ಹುಸಿಮೀನು ಹಾಕಿದರೆ ಹೇಗೆ, ಗಾತ್ರ ಇಳಿಸಿದರೆ ಹೇಗೆ, ಎಳೆತವನ್ನು ನಿಧಾನಿಸಿದರೆ ಹೇಗೆ, ಕಡೆಗೆ ಮಾನ ಬಿಟ್ಟು ಹುಳುವನ್ನೇ ಸಿಕ್ಕಿಸಿದರೆ ಹೇಗೆ ಎಂಬ ಎಡೆಬಿಡದ ಚಿಂತನೆ. ಮೀನು ಸಿಕ್ಕ ದಿನ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಸಂಕಲ್ಪವು ಸಿಗದ ದಿನ ಆರು ಗಂಟೆ ಬೆಳೆಯುತ್ತದೆ.

ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ತಂಡುಲಮತ್ಸ್ಯವಿರುವ ಕಥೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹೇಳುತ್ತಿದ್ದರು. ದೊಡ್ಡ ಮೀನು ಬಾಯ್ದೆರೆದು ಮಲಗಿದಾಗ ಸಣ್ಣ ಮೀನುಗಳು ಒಳಹೊಕ್ಕು ಹೊರಬರುತ್ತವೆ. ಅದನ್ನು ನೋಡುತ್ತ, ನನಗೆ ಇಂಥ ಮೈಯಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವಲ್ಲ ಎಂದು ತಂಡುಲಮತ್ಸ್ಯವು ಕೊರಗುತ್ತದೆ. ಜೀವಮಾನದಲ್ಲಿ ಒಂದು ಮೀನನ್ನೂ ನುಂಗದ ಆ ಜೀವವು ಏಳನೆಯ ನರಕಕ್ಕೆ ಹೋಗುತ್ತದೆ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಇದನ್ನು ನೆನೆಯುವುದು ಭಾವದ ಬಲವನ್ನು ತೋರಿಸಲು. ಬರಿಗೈಯ ಬೇಟೆಗಾರನಿಗೆ ಇದಕ್ಕಿಂತ ನೇರವಾದ ಚಿತ್ರವನ್ನು ಯಾವ ಸಾಹಿತ್ಯದಲ್ಲಿಯೂ ನಾನು ಕಂಡಿಲ್ಲ. ಸೋಮದೇವಸೂರಿಯೂ ಶ್ರಾವಕಾಚಾರವನ್ನು ಹೇಳುವಾಗ ಬೆಸ್ತನನ್ನೂ ರೈತನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾನೆ: ಉಳುವಾಗ ಜೀವಗಳು ಸತ್ತರೂ ರೈತನಿಗೆ ಕೊಲ್ಲುವ ಪಾಪವಿಲ್ಲ, ಒಂದೂ ಸಾಯದಿದ್ದರೂ ಬೆಸ್ತನಿಗೆ ಇದೆ, ಅಭಿಪ್ರಾಯಭೇದವೇ ಇದಕ್ಕೆ ಕಾರಣ ಎನ್ನುವುದು ಅವನ ನಿರ್ಣಯ.

ಭಾವದ ಮಾತು ಹಾಗಿರಲಿ, ದ್ರವ್ಯಹಿಂಸೆಯ ದೃಷ್ಟಿಯಿಂದಲೂ ಬರಗಾಲವೇ ಕ್ರೂರ. ನೀರು ಕಾದಾಗ ಅದರಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಹೋರಾಡಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟವಾಗುತ್ತದೆ. ಮೇರಿಲೆಂಡ್ ರಾಜ್ಯವು 2021ರಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ಜುಲೈ 16ರಿಂದ 31ರವರೆಗೆ ಈ ಮೀನಿಗೆ ಗಾಳ ಹಾಕುವುದನ್ನೇ, ಬಿಡುವ ಉದ್ದೇಶವಿದ್ದರೂ, ನಿಲ್ಲಿಸಿದ್ದು ಇದಕ್ಕಾಗಿ. ಹೀಗಿರುವಾಗ ಬರಗಾಲವೆಂದರೆ ಏನು? ಮೀನು ತನ್ನ ಪ್ರಾಣ ಉಳಿಸಿಕೊಳ್ಳಲು ತಣ್ಣನೆಯ ಆಳಕ್ಕೆ ಹೋಗಿರುವ ಕಾಲ. ಅದನ್ನು ‘ದಾಟುವುದು’ ಎಂದರೆ ಆ ಆಶ್ರಯದಿಂದಲೂ ಅದನ್ನು ಹೊರಗೆಳೆಯುವುದು.

ದಾನಿಗಳು ತಮ್ಮ ಪತ್ರದ ಜೊತೆಗೆ ಅಂಗಡಿಯ ಬೇಸಗೆಯ ಕರಪತ್ರವೊಂದನ್ನು ಇಟ್ಟಿದ್ದರಂತೆ. ಬರಗಾಲದಲ್ಲಿ ಎದೆಗುಂದದಿರಲು, ಹುಳುವಿಗೆ ಮರಳದೆ ಹುಸಿಮೀನಿನಲ್ಲಿಯೇ ಗೆಲ್ಲಲು ಗಿರಾಕಿಗಳಿಗೆ ಕೊಟ್ಟ ಸಲಹೆಗಳು ಅದರಲ್ಲಿದ್ದವು. ಹುಳುಗಳನ್ನು ಉಳಿಸುವ ಪ್ರಯತ್ನವೆಂದು ಅವರ ಭಾವನೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಐದು ಅನರ್ಥದಂಡಗಳನ್ನು ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಾಣಿಗಳಿಗೆ ಕ್ಲೇಶವಾಗುವ, ವಂಚನೆಗೆ ಪ್ರೇರಿಸುವ ಮಾತುಗಳನ್ನು ಆಡುವುದು ಪಾಪೋಪದೇಶ. ಆ ಕರಪತ್ರ ಇದಲ್ಲದೆ ಬೇರೇನು? ಅಂಗಡಿಯ ಸರಕು ಹಿಂಸಾದಾನ, ದಂಡೆಯ ಮೇಲಿನ ಚಿಂತನೆ ಅಪಧ್ಯಾನ, ಹಿಡಿದ ಮೀನಿನ ಉದ್ದವನ್ನು ಕೈಯಗಲಿಸಿ ಹೇಳುವ ಸಂಜೆಯ ಹರಟೆ ದುಃಶ್ರುತಿ. ಒಂದೇ ಹವ್ಯಾಸದಲ್ಲಿ ಇಷ್ಟು ಅಚ್ಚುಕಟ್ಟಾಗಿ ಎಲ್ಲವೂ ನೆರೆದಿರುವುದು ಅಪರೂಪ.

ಇದಕ್ಕೆ ಬರುವ ಪ್ರತ್ಯುತ್ತರಗಳೂ ನನಗೆ ಗೊತ್ತು. ಅಮೆರಿಕದಲ್ಲಿ 1950ರ ಕಾಯಿದೆಯಂತೆ ಗಾಳದ ಸಾಮಗ್ರಿಯ ಮೇಲಿನ ತೆರಿಗೆ ಮೀನುಗಳ ಸಂರಕ್ಷಣೆಗೇ ಹೋಗುತ್ತದೆ. ನಮ್ಮ ಕಾವೇರಿಯಲ್ಲಿಯೂ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳ ಗಾಳದ ಶಿಬಿರಗಳಿದ್ದಾಗ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಅಂಕೆಯಿತ್ತು ಎನ್ನುತ್ತಾರೆ. ಇರಬಹುದು. ಅಲ್ಲಿ ಮಹಸೀರ್ ಮೀನಿಗೆ ರಾಗಿಹಿಟ್ಟಿನ ಉಂಡೆಯನ್ನೇ ಎರೆಯಾಗಿ ಇಡುತ್ತಿದ್ದರು. ಹಿಟ್ಟಿನ ಕೋಳಿಯನ್ನು ಬಲ್ಲವರಿಗೆ ಅದು ಬೇರೆಯೇ ನೆನಪು ತಂದೀತು. ಆ ನದಿಯ ದಿಬ್ಬಬೆನ್ನಿನ ಮಹಸೀರ್ ಅಳಿವಿನ ಅತಿ ಸಮೀಪದಲ್ಲಿದೆಯೆಂದು 2018ರಲ್ಲಿ ಘೋಷಿತವಾಯಿತು, ಅದನ್ನು ಉಳಿಸಲೇಬೇ��ು. ಆದರೆ ಕಾವಲುಗಾರನಿಗೆ ಕೊಡುವ ಸಂಬಳ ಬೇಟೆಯ ಶುಲ್ಕದಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಗೋಶಾಲೆಗೂ ಪಾಂಜರಪೋಳಕ್ಕೂ ಕೊಡುವ ಸಮಾಜವು ನದಿಯ ಕಾವಲಿಗೂ ಕೊಡಬಹುದು. ಇದುವರೆಗೆ ಯಾರೂ ನಮ್ಮನ್ನು ಕೇಳಿಲ್ಲ, ನಾವಾಗಿ ಹೋಗಿಯೂ ಇಲ್ಲ.

ರೇಷ್ಮೆ ಮಾರುವ ನೀವು ಮೀನಿನ ಮಾತಾಡಬಹುದೇ ಎಂದು ಇನ್ನೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆ ಖಾತೆಯನ್ನೂ ತೆರೆಯೋಣ, ಬೇರೊಂದು ಸಂಚಿಕೆಯಲ್ಲಿ. ಒಂದು ಸಾಲ ತೀರಿಲ್ಲವೆಂದು ಇನ್ನೊಂದು ಸಾಲವನ್ನು ಯಾರೂ ಮನ್ನಾ ಮಾಡುವುದಿಲ್ಲ.

ಈ ಲೇಖನವು ಬೆಸ್ತರ ಮೇಲೆ ಬರೆದದ್ದಲ್ಲ ಎಂಬುದನ್ನೂ ಸ್ಪಷ್ಟಪಡಿಸುತ್ತೇನೆ. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ನಸುಕಿನಲ್ಲಿ ದೋಣಿ ಇಳಿಸುವವರ ಮನೆಯ ಒಲೆ ಆ ಮೀನಿನಿಂದ ಉರಿಯುತ್ತದೆ. ಅವರಿಗೆ ಬೇರೆ ಜೀವನೋಪಾಯ ಕಲ್ಪಿಸಲಾರದ ನಮಗೆ ಉಪದೇಶದ ಅಧಿಕಾರ ಕಡಿಮೆ. ಮುನಿಗಳೂ ಮೃಗಸೇನನಿಗೆ ಬಲೆಯನ್ನೇ ಬಿಸುಡೆಂದು ಹೇಳಲಿಲ್ಲ. ನನ್ನ ಮಾತು ಹೊಟ್ಟೆ ತುಂಬಿದವನ ಬೇಟೆಯ ಬಗೆಗೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಸೇರಿಸಿದ ಆಚಾರ್ಯರು ಕಾಡು, ಕಡಲು ಎಂದು ಭೇದ ಮಾಡಲಿಲ್ಲ.

ಇನ್ನು ಟ್ರಸ್ಟಿನವರು ಮಾಡಬೇಕಾದುದು. ಕಬ್ಬಿಣದ ಅಂಗಡಿಯವನು ಗುದ್ದಲಿ, ಕೊಡಲಿ ಮಾರುವುದಿಲ್ಲವೇ, ಅವನ ದಾನವನ್ನು ತೆಗೆದುಕೊಳ್ಳುವುದಿಲ್ಲವೇ ಎಂದು ಸಭೆಯಲ್ಲಿ ಕೇಳಲಾಯಿತಂತೆ. ಹಿಂಸಾದಾನದ ಪಟ್ಟಿಯಲ್ಲಿ ಅವೂ ಇವೆ ಎಂಬುದು ನಿಜ. ಆದರೂ ಗುದ್ದಲಿಯಿಂದ ಬಾವಿ ತೋಡಬಹುದು, ಕೊಡಲಿಯಿಂದ ಒಣಸೌದೆ ಸೀಳಬಹುದು. ಕೊಂಡವನ ಬಳಕೆ ಮಾರಿದವನಿಗೆ ಗೊತ್ತಿರುವುದಿಲ್ಲ. ಮೂರು ಮೊನೆಯ ಗಾಳವನ್ನು ಹೊಟ್ಟೆಯಡಿ ತೂಗಿಸಿಕೊಂಡ ಮರದ ಮೀನಿಗೆ ಬೇರೆ ಯಾವ ಬಳಕೆಯೂ ಇಲ್ಲ. ಆದುದರಿಂದ ಆ ಅಂಗಡಿಯ ಲಾಭದಿಂದ ಬಂದ ಹಣವನ್ನು ಜಿನಾಲಯಕ್ಕೆ ತೆಗೆದುಕೊಳ್ಳಬಾರದು. ಅರ್ಧ ತೆಗೆದುಕೊಳ್ಳುವುದು, ಅನ್ನದಾನದ ಖಾತೆಗೆ ಹಾಕಿಕೊಳ್ಳುವುದು, ಹೆಸರು ಕೆತ್ತಿಸದೆ ತೆಗೆದುಕೊಳ್ಳುವುದು ಮೊದಲಾದ ನಡುದಾರಿಗಳು ಹಿಟ್ಟಿನ ಕೋಳಿಗಳೇ. ದಾನಿಗಳನ್ನು ಅವಮಾನಿಸುವುದೂ ಬೇಡ. ಅವರು ಮುಚ್ಚಿಡದೆ ಬರೆದಿದ್ದಾರೆ, ಇಲ್ಲಿ ಎಷ್ಟೋ ಮಂದಿ ಹಣದ ಮೂಲವನ್ನು ಹೇಳುವುದೇ ಇಲ್ಲ. ಅವರಿಗೆ ಅಲ್ಲಿ ಬಾಡಿಗೆಯ ಮನೆಗಳೂ ಇವೆಯೆಂದು ತಿಳಿದುಬಂದಿದೆ. ಆ ಆದಾಯದಿಂದ ಎಷ್ಟು ಕಡಿಮೆ ಕೊಟ್ಟರೂ ಟ್ರಸ್ಟು ಸಂತೋಷದಿಂದ ಸ್ವೀಕರಿಸುವುದಾಗಿ ಬರೆಯಬೇಕು. ಮಾಳಿಗೆಯ ಸೋರಿಕೆ ಈ ಮಳೆಗಾಲಕ್ಕೆ ಮುನ್ನ ನಿಲ್ಲಬೇಕೆಂಬ ಆತುರವನ್ನು ಬಲ್ಲೆ. ಅದಕ್ಕೆ ಬೇಕಾದ ಚಪ್ಪಡಿಕಲ್ಲು, ಗಾರೆಯ ಖರ್ಚನ್ನು ಊರಿನ ಶ್ರಾವಕ ಮನೆಗಳು ಹಂಚಿಕೊಂಡರೆ ಮನೆಯೊಂದಕ್ಕೆ ಬರುವ ಪಾಲು ಈಗಿನ ಮದುವೆಯೊಂದರ ಹೂವಿನ ಅಲಂಕಾರಕ್ಕಿಂತ ಕಡಿಮೆ. ನನ್ನ ಅಂಗಡಿಯ ಪಾಲನ್ನು ಯಾವಾಗ ಹೇಳಿದರೂ ಕಳುಹಿಸುತ್ತೇನೆ.

ದಾನಿಗಳಿಗೆ ಬರೆಯುವ ಪತ್ರವು ಜೂನ್ ತಿಂಗಳೊಳಗೆ ಅವರ ಕೈಸೇರುವಂತಿರಲಿ. ಜುಲೈ ಮೊದಲಾದರೆ ದಂಡೆಯ ನೀರು ಕಾಯುತ್ತದೆ, ಅಂಗಡಿಯ ಹೊಸ ವರ್ಷದ ಕರಪತ್ರವೂ ಅಚ್ಚಿಗೆ ಹೋಗುತ್ತದೆ.